ಅಟ್ಟದ ಮೇಲಿನ ಒಂಬತ್ತು ತಲೆ

ನೊಣವಿನಕೆರೆ ಹತ್ತಿರದ ನಮ್ಮ ಸೋದರಮಾವನ ಮನೆಯಲ್ಲಿ ಹೋದ ವರ್ಷ ಅಟ್ಟ ಖಾಲಿ ಮಾಡಿಸಿದರು. ನಮ್ಮ ಕಡೆಯ ಅಟ್ಟ ಇರುವುದೇ ಕೊಬ್ಬರಿಗಾಗಿ. ಬಲಿತ ಕಾಯಿಯನ್ನು ಮಟ್ಟೆಸಮೇತ ಮೇಲೇರಿಸಿ ಒಂಬತ್ತು ಹತ್ತು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅಲ್ಲಿಗೆ ಗಿಟುಕು ತಿಪಟೂರು ಮಾರುಕಟ್ಟೆಗೆ ಸಿದ್ಧವಾಯಿತು ಅಂತ ಲೆಕ್ಕ. ಕಾಯೆಲ್ಲ ಇಳಿಸಿದ ಮೇಲೆ ಅಟ್ಟದ ಮೂಲೆಯಲ್ಲಿ ಗೋಣಿತಾಟು ಮುಚ್ಚಿದ ಉದ್ದನೆಯ ವಸ್ತುವೊಂದು ಸಿಕ್ಕಿತು. ಇಬ್ಬರು ಸೇರಿ ಕೆಳಗಿಳಿಸಿದೆವು. ಏಳು ಅಡಿಯ ಬಿದಿರು ದಬ್ಬೆ, ಅದರ ಮೇಲೆ ಸಾಲಾಗಿ ಮೀಸೆ ಹೊತ್ತ ತಲೆಗಳು. ಒಂದು ಪಕ್ಕಕ್ಕೆ ಐದು, ಇನ್ನೊಂದು ಪಕ್ಕಕ್ಕೆ ನಾಲ್ಕು, ನಡುವೆ ಒಬ್ಬ ಮನುಷ್ಯ ತಲೆ ತೂರಿಸುವಷ್ಟು ಜಾಗ. ನಾಲ್ಕರ ಕಡೆಯ ಕೊನೆಯ ತಲೆಯ ಹಿಂದೆ ಬಟ್ಟೆಯ ಸಣ್ಣ ಗಂಟು, ಬಿಚ್ಚಿದರೆ ಮರಳು. ಆ ಗಂಟು ಅಲ್ಲೇಕಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಾವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಆ ತಲೆಗಳನ್ನು ನೋಡಿದ ದಿನದಿಂದ, ಓದುಗರು ನನಗೆ ಮೇಲಿಂದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಬರೆಯಬೇಕು ಅನ್ನಿಸುತ್ತಲೇ ಇತ್ತು. ತುರುವೇಕೆರೆಯ ಹುಡುಗನೊಬ್ಬ ಕೇಳುತ್ತಾನೆ: ‘ಕೆಜಿಎಫ್‌’ನ ಸುತ್ತಿಗೆ ಮಾಡಿಸಿಕೊಂಡಿದ್ದೇನೆ, ಇದಕ್ಕೆ ಬೆಲೆ ಇದೆಯಾ? ತಿಪಟೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು, ಹಳೆಯ ಸಿನಿಮಾದ ಕಿರೀಟ ಎಂದು ಒಬ್ಬರು ಮಾರಲು ಬಂದಿದ್ದಾರೆ, ನಂಬಬಹುದೇ ಎನ್ನುತ್ತಾರೆ. ಸಿನಿಮಾ, ಟಿ.ವಿ., ನಾಟಕಗಳಲ್ಲಿ ಬಳಸಿದ ಸಾಮಾನುಗಳನ್ನು ಕೂಡಿಡುವ ಹವ್ಯಾಸ ಈಗ ನಮ್ಮ ತೆಂಗಿನ ಸೀಮೆಗೂ ಬಂದಿದೆ. ನನಗೆ ಇದು ಸಂತೋಷದ ಸಂಗತಿ. ಆದರೆ ಇವರಲ್ಲಿ ಹೆಚ್ಚಿನವರು ಬೆಲೆ ಕೇಳುತ್ತಾರೆ, ಮಾಡಿದವರು ಯಾರು ಎಂದು ಕೇಳುವುದಿಲ್ಲ.

ಪ್ರತಿಕೃತಿ ಎಂದರೆ ಮೂಗು ಮುರಿಯುವವರಿಗೆ ನಮ್ಮ ಬಾಲ್ಯವನ್ನು ನೆನಪಿಸಬೇಕು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ಊರಿಗೆ ಒಂದೋ ಎರಡೋ ಟಿ.ವಿ. ಭಾನುವಾರ ಬೆಳಗ್ಗೆ ಆ ಮನೆಯ ಪಡಸಾಲೆ ತುಂಬಿ, ಉಳಿದವರು ಕಿಟಕಿಗೆ ಜೋತುಬೀಳುತ್ತಿದ್ದರು. ಧಾರಾವಾಹಿ ಮುಗಿದ ಅರ್ಧ ಗಂಟೆಯಲ್ಲಿ ತೋಟದಲ್ಲಿ ಯುದ್ಧ. ಬಿದಿರು ಸಿಕ್ಕರೆ ಬಿಲ್ಲು, ಸಿಗದಿದ್ದರೆ ಹಸಿ ಮಟ್ಟೆಯ ಸೀಳು; ಪೊರಕೆಕಡ್ಡಿಯ ಬಾಣ; ಉದುರಿದ ಹರಳನ್ನು ಕೋಲಿಗೆ ಚುಚ್ಚಿದರೆ ಹನುಮಂತನ ಗದೆ. 1988ರ ಅಕ್ಟೋಬರಿನಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದ ಮೇಲೆ ಗದೆಗೆ ಇನ್ನೂ ದೊಡ್ಡ ಕಾಯಿ ಬೇಕಾಯಿತು. ಗುಜರಾತಿನ ಉಂಬರ್‌ಗಾಂವ್‌ನಲ್ಲಿ ಚಿತ್ರೀಕರಿಸಿದ ರಾಮಾಯಣದ ಆಯುಧಗಳನ್ನು ಕಪ್ಪುಬಿಳುಪು ಪರದೆಯಲ್ಲಿ ಒಮ್ಮೆ ನೋಡಿ, ಕಣ್ಣಳತೆಯಲ್ಲೇ ನಕಲು ಮಾಡಿದವರು ನಾವು. ನೋಡಿದ್ದನ್ನು ಕೈಯಲ್ಲಿ ಹಿಡಿಯಬೇಕೆಂಬ ಆಸೆಯಿಂದಲೇ ಈ ಹವ್ಯಾಸ ಹುಟ್ಟುವುದು. ದೊಡ್ಡವರಾದ ಮೇಲೆ ಅದಕ್ಕೆ ದುಡ್ಡು ಸೇರಿಕೊಳ್ಳುತ್ತದೆ, ಅಷ್ಟೇ.

ಸಿನಿಮಾ ಸಾಮಾನಿನ ಮೂಲ ಎಷ್ಟೋ ಸಲ ತೀರಾ ಸಾಧಾರಣವಾಗಿರುತ್ತದೆ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಚಿತ್ರದ ನಾಯಕನ ಬೆಳಕಿನ ಖಡ್ಗ ನೆನಪಿರಬಹುದು. ಅದರ ಹಿಡಿ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಷ್‌ನದು. ಲಂಡನ್ನಿನ ಫೋಟೊ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ ಕಲಾ ವಿಭಾಗದವರು ಖಡ್ಗ ಮಾಡಿದರು. ಈಗ ಅದರ ಪ್ರತಿಕೃತಿ ಮಾಡುವವರು ಜಗತ್ತಿನೆಲ್ಲೆಡೆ ಹಳೆಯ ಫ್ಲ್ಯಾಷ್‌ಗಳನ್ನು ಹುಡುಕಿ ಕೊಂಡು, ಹಳೆಯ ಕ್ಯಾಮೆರಾ ಕೂಡಿಡುವವರಿಗೇ ಅವು ಸಿಗದ ಹಾಗಾಗಿದೆ. 1939ರ ‘ದಿ ವಿಝರ್ಡ್ ಆಫ್ ಓಝ್’ ಚಿತ್ರದ ಕೆಂಪು ಚಪ್ಪಲಿಗಳ ಕತೆ ಇನ್ನೂ ವಿಚಿತ್ರ. 2005ರಲ್ಲಿ ಅಮೆರಿಕದ ಮಿನೆಸೋಟಾದ ವಸ್ತುಸಂಗ್ರಹಾಲಯದಿಂದ ಅದರ ಒಂದು ಜೊತೆ ಕಳುವಾಯಿತು. ಹೊಳೆಯುವುದೆಲ್ಲ ನಿಜವಾದ ಮಾಣಿಕ್ಯ ಎಂದು ಕದ್ದವನು ನಂಬಿದ್ದ. ಗಾಜೆಂದು ತಿಳಿದಾಗ ಕೈಬಿಟ್ಟ. 2018ರಲ್ಲಿ ಪತ್ತೆಯಾದ ಅದೇ ಜೊತೆ 2024ರ ಡಿಸೆಂಬರಿನಲ್ಲಿ ಶುಲ್ಕವೆಲ್ಲ ಸೇರಿ 3.25 ಕೋಟಿ ಡಾಲರಿಗೆ, ಅಂದರೆ ಸುಮಾರು 275 ಕೋಟಿ ರೂಪಾಯಿಗೆ ಹರಾಜಾಯಿತು.

ನಮ್ಮಲ್ಲಿ ಇಂಥದ್ದು ಏಕೆ ಉಳಿಯಲಿಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ನಮ್ಮ ಸೀಮೆಯ ನಾಟಕದ ವ್ಯವಸ್ಥೆಯನ್ನೇ ನೋಡಬೇಕು. ತುಮಕೂರು ಜಿಲ್ಲೆಯಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ವೋ ‘ರಾಮಾಯಣ’ವೋ ಆಡದ ಊರು ಕಡಿಮೆ. ಪೇಟಿ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು ಕಲಿಸುತ್ತಾರೆ. ಪಾತ್ರಕ್ಕೆ ಇಂತಿಷ್ಟು ಅಂತ ದುಡ್ಡು ಕಟ್ಟಬೇಕು, ದುರ್ಯೋಧನನಿಗೆ ಹೆಚ್ಚು. ಸೀನರಿ, ಡ್ರೆಸ್ಸು, ಕಿರೀಟ, ಭುಜಕೀರ್ತಿ, ಗದೆ ಎಲ್ಲವೂ ಬಾಡಿಗೆಗೆ ಬರುತ್ತವೆ. ಬೆಳಗಿನ ಜಾವ ಮಂಗಳ ಹಾಡುವಷ್ಟರಲ್ಲಿ ಲಾರಿ ಹತ್ತಿ ಮುಂದಿನೂರಿಗೆ ಹೋಗುತ್ತವೆ. ಒಂದು ಕಿರೀಟ ಒಂದೇ ಹಂಗಾಮಿನಲ್ಲಿ ಎಷ್ಟು ತಲೆ ಏರುತ್ತದೋ ಹೇಳಲಾಗದು. ಉದುರಿದ ಮಣಿಗೆ ಬೇರೆ ಮಣಿ, ಮಾಸಿದ ಬೇಗಡೆಗೆ ಹೊಸ ಬೇಗಡೆ, ಅದರ ಮೇಲೆ ಮತ್ತೆ ಚಿನ್ನದ ಬಣ್ಣ. ಸಾಮಾನು ಸವೆದು ಸಾಯುವವರೆಗೆ ದುಡಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಕೂರುವ ಭಾಗ್ಯ ಅದಕ್ಕಿಲ್ಲ.

ಸಿನಿಮಾಕ್ಕೂ ಈ ರೂಢಿ ಹಾಗೇ ಹೋಯಿತು. ನಮ್ಮ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಬೆಳೆದು, ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ಅದೇ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ಸಿನಿಮಾ ಆದಾಗ ರಾಜ್‌ಕುಮಾರ್ ನಾಯಕರಾದರು. ನಮ್ಮ ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿ, ಚಿಕ್ಕಂದಿನಿಂದಲೇ ನಾಟಕ ಕಂಪನಿಗಳಲ್ಲಿ ಬೆಳೆದ ನರಸಿಂಹರಾಜು ಕೂಡ ಅದೇ ಚಿತ್ರದಿಂದ ತೆರೆಗೆ ಬಂದರು. ಮುಂದೆ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರ ನಕ್ಷತ್ರಿಕನನ್ನು ನೋಡಿ ನಗದ, ಬೈಯದ ಕನ್ನಡಿಗರಿಲ್ಲ. ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಸಿಂಹಾಸನ, ಖಡ್ಗ, ಕಿರೀಟಗಳು ಅಲ್ಲಿನ ಬಾಡಿಗೆಯವರಿಂದ ಬಂದು ಅಲ್ಲಿಗೇ ಹೋದವು. ಇವತ್ತು ಕನ್ನಡದ ರಾಜ ಕೂತ ಸಿಂಹಾಸನದ ಮೇಲೆ ನಾಳೆ ತಮಿಳಿನ ರಾಜ ಕೂರುತ್ತಿದ್ದ. ಸಾಮಾನಿರಲಿ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಆದ್ದರಿಂದ ಯಾರಾದರೂ ಬಂದು ‘ಅಣ್ಣಾವ್ರು ಹಿಡಿದ ಖಡ್ಗ ಇದು’ ಎಂದರೆ ಕೈಮುಗಿಯುವ ಮೊದಲು, ಅದು ಯಾವ ಮನೆಯಿಂದ ಯಾವ ಮನೆಗೆ ಬಂತು ಎಂದು ಕೇಳಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಹದಿನೈದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ ಹಳೆಯ ಐತಿಹಾಸಿಕ ಚಿತ್ರವೊಂದರ ಖಡ್ಗ ಎಂದು ಒಂದನ್ನು ಕೊಂಡು ತಂದೆ. ಎರಡು ತಿಂಗಳ ಸಂಬಳ ಹೋಯಿತು. ಮನೆಗೆ ಬಂದು ಹಗಲು ಬೆಳಕಲ್ಲಿ ಹಿಡಿದಾಗ ಹಿಡಿಯ ಅಂಚಿನಲ್ಲಿ ಉದ್ದಕ್ಕೂ ಒಂದು ಗೆರೆ ಕಂಡಿತು, ಎರಡು ಅಚ್ಚು ಸೇರಿದ ಜಾಗದಲ್ಲಿ ಮೂಡುವ ಗೆರೆ. ಬಣ್ಣ ಕೆರೆದರೆ ಕೆಳಗೆ ಫೈಬರಿನ ಎಳೆ. ಹೂವಿನ ಕೆತ್ತನೆಯ ಸಂದಿಯಲ್ಲಿ ಗುಂಡುಸೂಜಿ ತಲೆಯಷ್ಟು ಗಾಳಿಗುಳ್ಳೆಗಳು. ಯಾವುದೋ ಖಡ್ಗದಿಂದ ಅಚ್ಚು ತೆಗೆದು ಎರಕ ಹೊಯ್ದದ್ದು ಅದು. ಇಂಥ ಎರಕಕ್ಕೆ ಇನ್ನೊಂದು ಗುರುತೂ ಇದೆ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಎರಕದಿಂದಲೇ ಮತ್ತೆ ಅಚ್ಚು ತೆಗೆದು ಹೊಯ್ದರೆ ಇನ್ನೂ ಕುಗ್ಗುತ್ತದೆ, ಕೆತ್ತನೆಯ ಅಂಚು ನೆಕ್ಕಿದ ಬೆಲ್ಲದ ಹಾಗೆ ಮೊಂಡಾಗುತ್ತದೆ. ಆದ್ದರಿಂದ ಬಲ್ಲವರು ಅಳತೆಪಟ್ಟಿ ಹಿಡಿದೇ ನೋಡುತ್ತಾರೆ. ನಿಜವಾಗಿ ತೆರೆಯ ಮೇಲೆ ಬಂದ ವಸ್ತುವಾದರೆ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಗೀರು, ಚಕ್ಕೆ, ಮರದ ಎಳೆಗಳನ್ನು ಒಂದೊಂದಾಗಿ ಹೊಂದಿಸುತ್ತಾರೆ. ಅದರಲ್ಲೂ ಒಂದು ಚಿತ್ರಕ್ಕೆ ಒಂದೇ ಖಡ್ಗ ಇರುವುದಿಲ್ಲ. ಹತ್ತಿರದ ಶಾಟಿಗೆ ಚೆನ್ನಾಗಿ ಮಾಡಿದ್ದು ಒಂದು, ಹೊಡೆದಾಟಕ್ಕೆ ರಬ್ಬರಿನದು, ಹಿಂದೆ ನಿಂತ ಸೈನಿಕರಿಗೆ ತಗಡಿನವು ಹತ್ತಾರು. ಯಾವುದು ನಿಮ್ಮ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನನಗೆ ನೋವಾದದ್ದು ಅದು ನಕಲು ಎಂಬುದಕ್ಕಲ್ಲ. ಅದನ್ನು ಮಾಡಿದವನ ಕೈ ಒಳ್ಳೆಯ ಕೈ; ಅವನ ಹೆಸರಿನಲ್ಲೇ ಮಾರಿದ್ದರೆ ನಾನು ಕೊಳ್ಳುತ್ತಿದ್ದೆ. ಹೆಸರು ಅಳಿಸಿ ಸುಳ್ಳು ಕತೆ ಕಟ್ಟಿದ್ದಕ್ಕೆ ಇವತ್ತಿಗೂ ಸಿಟ್ಟಿದೆ. ತುಮಕೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇದ್ದದ್ದು ಈ ಕಡೆಯವರಿಗೆಲ್ಲ ಗೊತ್ತು. ಆ ಗಡಿಯಾರಗಳನ್ನು ಕೂಡಿಡುವವರನ್ನು ಕೇಳಿ, ಇದೇ ದೂರು ಹೇಳುತ್ತಾರೆ: ಹಳೆಯ ಮುಖಕ್ಕೆ ಹೊಸ ಬಣ್ಣ ಬಳಿದು ಅಪರೂಪದ ಮಾಡೆಲ್ ಎಂದು ಮಾರುವವರು ಹೆಚ್ಚಾಗಿದ್ದಾರೆ.

ತುರುವೇಕೆರೆಯ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಸುತ್ತಿಗೆಯ ಅಡಿಯಲ್ಲಿ ಮಾಡಿದವನ ಹೆಸರು, ತಿಂಗಳು, ವರ್ಷ ಕೆತ್ತಿಸು. ಮೂರು ಆಯಾಮದ ಪ್ರಿಂಟರಿನಲ್ಲಿ ಮಾಡಿಸಿದ್ದರೆ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗಿ ಸೊಟ್ಟಗಾಗುತ್ತದೆ. ಇನ್ನೊಂದು ಮಾತನ್ನೂ ಸೇರಿಸಿದೆ. ‘ಕಾಂತಾರ’ ನೋಡಿದ ಮೇಲೆ ದೈವದ ಮುಖವಾಡ, ಅಣಿಗಳ ಪ್ರತಿಕೃತಿ ಬೇಕೆಂದು ಕೇಳುವವರು ಬಹಳ. ಕರಾವಳಿಯವರಿಗೆ ಅದು ಸಿನಿಮಾ ಸಾಮಾನಲ್ಲ, ನಡೆಯುತ್ತಿರುವ ಆರಾಧನೆ. ಅವರು ಬೇಡವೆಂದು ಕೈಮುಗಿದು ಕೇಳಿಕೊಂಡಿದ್ದಾರೆ. ಅದನ್ನು ಕಪಾಟಿನಲ್ಲಿ ಇಡುವುದು ನನಗೂ ಸರಿ ಕಾಣುವುದಿಲ್ಲ.

ಈ ಹವ್ಯಾಸದಲ್ಲಿ ನನ್ನ ಮನಸ್ಸು ಹೆಚ್ಚು ಸೆಳೆಯುವುದು ತೆರೆಗೋ ಅಂಗಡಿಗೋ ಬಾರದೇ ಉಳಿದ ಮಾದರಿಗಳು. 1979ರಲ್ಲಿ ಅಮೆರಿಕದ ಕೆನ್ನರ್ ಎಂಬ ಆಟಿಕೆ ಕಂಪನಿ ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಎಂಬ ಪಾತ್ರದ ಬೊಂಬೆ ಮಾಡಿತು. ಬೆನ್ನಿನ ಮೇಲೆ ಸ್ಪ್ರಿಂಗಿನಿಂದ ಹಾರುವ ಪುಟ್ಟ ರಾಕೆಟ್ಟು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಇಂಥದೇ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ಸತ್ತಿತ್ತು. ಕೆನ್ನರ್ ರಾಕೆಟ್ಟು ಹಾರದ ಹಾಗೆ ಅಂಟಿಸಿಯೇ ಬೊಂಬೆಯನ್ನು ಹೊರಗೆ ಬಿಟ್ಟಿತು. ಹಾರುವ ರಾಕೆಟ್ಟಿನ ಮಾದರಿಗಳು ಕಂಪನಿಯ ಒಳಗೇ ಉಳಿದು, ಒಂದೊಂದಾಗಿ ಆಚೆ ಬಂದವು. ಕೈಯಲ್ಲಿ ಬಣ್ಣ ಬಳಿದ ಅಂಥ ಒಂದು ಮಾದರಿ 2024ರಲ್ಲಿ 5,25,000 ಡಾಲರಿಗೆ ಹರಾಜಾಯಿತು. ಅದನ್ನು ಕೊಂಡವರು ದುಡ್ಡು ಕೊಟ್ಟಿದ್ದು ಬೊಂಬೆಗೆ ಅನ್ನುವುದಕ್ಕಿಂತ, ಮಾಡುವವರು ಹೀಗೆ ಮಾಡೋಣ ಎಂದುಕೊಂಡು ಆಮೇಲೆ ಬೇಡವೆಂದು ನಿಲ್ಲಿಸಿದ ಆ ಗಳಿಗೆಗೆ ಅನ್ನಬೇಕು. ತಯಾರಾದ ವಸ್ತುವಿನಲ್ಲಿ ಆ ಗಳಿಗೆ ಮುಚ್ಚಿಹೋಗಿರುತ್ತದೆ.

ಮಾವನ ಅಟ್ಟದ ಒಂಬತ್ತು ತಲೆಯೂ ಅಂಥದೇ ಎಂದು ನನಗೆ ತಿಳಿದದ್ದು ಒಂದು ಹರಿದ ಕಿವಿಯಿಂದ. ಹುಣಸೆಬೀಜದ ಅಂಟಿನಲ್ಲಿ ಪದರ ಪದರವಾಗಿ ಕಾಗದ ಅಂಟಿಸಿ ಮುಖ ಮಾಡಿದ್ದರು. ಕಿವಿಯ ಬಳಿ ಬಣ್ಣ ಎದ್ದು ಕೆಳಗೆ ಕನ್ನಡ ಪತ್ರಿಕೆಯ ಅಚ್ಚು ಕಾಣುತ್ತಿತ್ತು: 1988, ಆಗಸ್ಟ್. ಜುಲೈ ಕೊನೆಗೆ ಟಿ.ವಿ.ಯ ರಾಮಾಯಣ ಮುಗಿದಿತ್ತು. ರಾಮ ಕಡಿದಷ್ಟೂ ರಾವಣನ ತಲೆ ಮತ್ತೆ ಮತ್ತೆ ಮೂಡುವುದನ್ನು ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತ್ತು. ಮಾರನೇ ವರ್ಷದ ಜಾತ್ರೆಗೆ ರಾಮಾಯಣ ಆಡಬೇಕು, ರಾವಣ ಟಿ.ವಿ.ಯಲ್ಲಿದ್ದ ಹಾಗೇ ಇರಬೇಕು ಎಂದು ತೀರ್ಮಾನವಾಯಿತಂತೆ. ರಾವಣನ ಪಾತ್ರಕ್ಕೆ ದುಡ್ಡು ಕಟ್ಟಿದವರು ನಮ್ಮ ಮಾವ. ಆ ವರ್ಷದ ನಾಟಕ ನನಗೆ ಚೆನ್ನಾಗಿ ನೆನಪಿದೆ, ಮಾವ ಒಂದೇ ತಲೆಯಲ್ಲಿ ರಂಗಕ್ಕೆ ಬಂದದ್ದೂ ನೆನಪಿದೆ. ಈ ಒಂಬತ್ತು ಎಲ್ಲಿ ಹೋಗಿದ್ದವು?

ವಿಚಾರಿಸಿದಾಗ ಇದನ್ನು ಮಾಡಿದ ಆಚಾರ್ರು ಇನ್ನೂ ಇದ್ದಾರೆಂದು ಗೊತ್ತಾಯಿತು, ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರು ರಸ್ತೆಯ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ಮೊದಲು ಒಂದೆರಡು ಕಡೆ ಓಡಾಡಿದೆ, ಇಂಥ ವಸ್ತುವನ್ನು ಹೇಗೆ ಕಾಪಾಡುತ್ತಾರೆ ಎಂದು ನೋಡಲು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯಕ್ಕೆ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿಯಂಥವರು ಹಳ್ಳಿ ಹಳ್ಳಿ ಸುತ್ತಿ ವಸ್ತು ತಂದರು. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನವನ್ನು ವಿದ್ವತ್ತಿನ ಲೋಕ ಕಣ್ಣೆತ್ತಿ ನೋಡುವಂತೆ ಮಾಡಿದವರು ಜೀಶಂಪ. ಅವರ ಪೀಳಿಗೆ ಹೋಗಿ ಕೇಳಿ ತಂದಿಡದಿದ್ದರೆ ಹಗುರ ಮರದಲ್ಲಿ ಕೆತ್ತಿ ಬೇಗಡೆ ಹೊದಿಸಿದ ಕಿರೀಟಗಳು ಒಲೆಗೆ ಹೋಗುತ್ತಿದ್ದವು. ಆಮೇಲೆ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಅದನ್ನೇ ಮಾಲ್ಗುಡಿ ನಿಲ್ದಾಣ ಮಾಡಿಕೊಂಡಿದ್ದರು. 2020ರಲ್ಲಿ ರೈಲ್ವೆಯವರು ಅಲ್ಲಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಆ ಕೆಲಸಕ್ಕೆ ಕರೆಸಿಕೊಂಡದ್ದು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ. ಮೂವತ್ತು ವರ್ಷ ದಾಟಿದ ಮೇಲೆ ಅದೇ ಕೈ ಅದೇ ಊರನ್ನು ಮತ್ತೆ ಮಾಡಿದರೆ ಅದನ್ನು ಬರೀ ನಕಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮನೆಯಲ್ಲಿ ಹಳೆಯ ನಾಟಕದ ಸಾಮಾನಿನ ಪೆಟ್ಟಿಗೆ ಇರುವವರಿಗೆ ಒಂದೆರಡು ಮಾತು. ಹಳೆಯ ಬಣ್ಣದ ಮೇಲೆ ವಾರ್ನಿಷ್ ಬಳಿಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಹಳೆಯ ಹತ್ತಿ ಪಂಚೆ ಸಾಕು. ಕಾಯಿ ಒಣಗಿಸುವ ಅಟ್ಟದ ಒಣ ಗಾಳಿಯೇ ಮಾವನ ರಾವಣನನ್ನು ಉಳಿಸಿದ್ದು. ನಾಟಕದ ಋಷಿ ಪಾತ್ರಕ್ಕೆಂದು ಇಟ್ಟ ಜಿಂಕೆ ಚರ್ಮ, ಕೊಂಬು ಏನಾದರೂ ಪೆಟ್ಟಿಗೆಯಲ್ಲಿದ್ದರೆ ಅದನ್ನು ಮಾರುವ, ಕೊಳ್ಳುವ ಯೋಚನೆಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾಖಲೆಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ಅಜ್ಜನ ಕಾಲದ್ದು ಎಂದರೂ ನಡೆಯುವುದಿಲ್ಲ. 2023ರಲ್ಲಿ ಹುಲಿಯುಗುರಿನ ಪದಕಗಳ ವಿಚಾರದಲ್ಲಿ ಎಷ್ಟು ಮನೆಗಳ ಬಾಗಿಲಿಗೆ ಅರಣ್ಯ ಇಲಾಖೆ ಬಂತು ಎಂದು ನೋಡಿದ್ದೀರಿ. ಎಲ್ಲಕ್ಕಿಂತ ಮೊದಲು, ವಸ್ತುವನ್ನು ಬಲ್ಲ ಹಿರಿಯರು ಇರುವಾಗಲೇ ಕೂತು ಬರೆದುಕೊಳ್ಳಿ.

ಆಚಾರ್ರಿಗೆ ಎಂಬತ್ತು ದಾಟಿದೆ. ಟೆಂಪೊದಿಂದ ಇಳಿಸಿದ ರಾವಣನನ್ನು ಜಗಲಿಗೆ ಒರಗಿಸಿದೆವು. ಅವರು ಮುಖಗಳನ್ನು ನೋಡಲಿಲ್ಲ, ಸೀದಾ ನಾಲ್ಕು ತಲೆಯ ಕಡೆ ಹೋಗಿ ಹಿಂದಿನ ಗಂಟನ್ನು ಮುಟ್ಟಿದರು.

‘ಮರಳು ಹಂಗೇ ಐತಲ್ಲ.’

‘ಇದು ಯಾಕೆ ಆಚಾರ್ರೇ?’

‘ಹತ್ತರಲ್ಲಿ ಒಂದು ನಿಮ್ಮ ಮಾವಂದೇ ತಲೆ. ಉಳಿದದ್ದು ಒಂಬತ್ತು. ಆ ಕಡೆ ಐದಾದ್ರೆ ಈ ಕಡೆ ನಾಕೇ. ತೂಕ ಸಮ ಆಗ್ಬೇಡ್ವಾ? ಅದಕ್ಕೆ ಮರಳು ಕಟ್ಟಿದ್ದು.’

ತಾಲೀಮಿನ ದಿನ ನಡೆದದ್ದನ್ನೂ ಹೇಳಿದರು. ಮಾವ ದಬ್ಬೆ ಹೆಗಲಿಗೆ ಬಿಗಿಸಿಕೊಂಡು ಕಂದ ಎತ್ತಿಕೊಂಡರಂತೆ. ಹಾಡುತ್ತ ಬಲಕ್ಕೆ ತಿರುಗಿದ ಹೊಡೆತಕ್ಕೆ ಇಡೀ ಸಾಲು ಗಿರ್ರನೆ ಸುತ್ತಿ ಪೇಟಿ ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು. ಅದನ್ನಾದರೂ ಕಲಿಯಬಹುದಿತ್ತು. ಸೀನರಿಯವರು ಬಂದು ಅಳತೆ ಹೇಳಿದಾಗ ಗೊತ್ತಾಯಿತು, ಸೈಡ್ ವಿಂಗಿನ ಸಂದಿ ನಾಲ್ಕೇ ಅಡಿ. ಏಳು ಅಡಿಯ ರಾವಣ ರಂಗಕ್ಕೆ ಬರುವುದು ಹೇಗೆ? ನಾಟಕಕ್ಕೆ ಮೂರು ದಿನ ಉಳಿದಿತ್ತು. ಮಾವ ಒಂದು ಮಾತೂ ಆಡದೆ ಗೋಣಿತಾಟು ಮುಚ್ಚಿ ಅಟ್ಟಕ್ಕೆ ಹಾಕಿಸಿದರಂತೆ, ಕೊಟ್ಟ ದುಡ್ಡು ವಾಪಸು ಕೇಳಲಿಲ್ಲವಂತೆ. ಅದನ್ನು ಹೇಳುವಾಗ ಆಚಾರ್ರ ದನಿ ಇಳಿಯಿತು.

‘ಬಿಟ್ಟು ಹೋಗಪ್ಪ. ಸರಿ ಮಾಡ್ಕೊಡ್ತೀನಿ’ ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರೇ ಮಾಡಿದ ವಸ್ತು, ಅವರೇ ತಿದ್ದುತ್ತೇನೆ ಎನ್ನುತ್ತಿದ್ದಾರೆ. ತಿದ್ದಿದರೆ ಆ ತಾಲೀಮಿನ ರಾತ್ರಿ, ಆ ಮರಳಿನ ಗಂಟು, ಮಾವ ಸುಮ್ಮನೆ ಮುಚ್ಚಿಟ್ಟ ಆ ಸಂಜೆ ಎಲ್ಲ ಅಳಿಸಿಹೋಗುತ್ತದೆ.

‘ಇದನ್ನ ಹಿಂಗೇ ಬಿಡಿ ಆಚಾರ್ರೇ. ಇದನ್ನ ನೋಡ್ಕೊಂಡು ಬೇರೆ ಒಂದು ಮಾಡಿಕೊಡಿ. ನಿಮ್ಮ ಹೆಸರು, ಇಸವಿ ಬರೆದುಕೊಡಿ.’

ಅವರು ಸ್ವಲ್ಪ ಹೊತ್ತು ದಬ್ಬೆಯನ್ನೇ ನೋಡುತ್ತ ನಿಂತರು. ಆಮೇಲೆ ಗೇಣು ಹಾಕುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಹೆಗಲ ಪಕ್ಕಕ್ಕೆ, ಎರಡೂ ಕಡೆ ಉಗುರಲ್ಲಿ ಗುರುತು ಮಾಡಿದರು.

‘ಇಲ್ಲೊಂದು ಕೀಲು, ಇಲ್ಲೊಂದು ಕೀಲು. ವಿಂಗ್‌ನಾಗೆ ಮಡಚ್ಕೊಂಡು ಬಂದು, ಲೈಟ್ ಬಿದ್ದಾಗ ಬಿಚ್ಕೋಬೋದು. ಅವತ್ತೇ ಹೊಳೀಬೇಕಿತ್ತು. ಆಮೇಲೆ ಹೊಳೀತು, ನಾಟಕ ಮುಗಿದೋಗಿತ್ತು.’ ನನ್ನ ಕಡೆ ತಿರುಗಿ, ‘ಬಿದಿರು ನನ್ನ ಹತ್ರ ಐತೆ. ನಿಮ್ಮ ತೋಟದಾಗೆ ಈ ಸಲ ಕಾಯಿ ಕೀಳಿಸುವಾಗ ಒಣಗಿದ ಹೊಂಬಾಳೆ ಹೊದಿಕೆ ಒಂದಿಪ್ಪತ್ತು ಎತ್ತಿಡ್ಸು. ಕಿರೀಟಕ್ಕೆ ಅದೇ ಆಗ್ಬೇಕು, ಹಗುರ’ ಎಂದರು.